‘ಚಲೋ ಐತಲ್ರೀ?’ ಅಂತ ಕೇಳಿ ಕೆಟ್ಟೆ

ನಾನು ಹುಬ್ಬಳ್ಳಿಯಲ್ಲಿ ಕೂತು ಆ್ಯಪ್‌ಗಳ ಡಿಸೈನ್ ಮಾಡುವವನು. ಎರಡು ವರ್ಷದ ಹಿಂದೆ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಆ್ಯಪ್ ಮಾಡಿಕೊಟ್ಟೆ. ಕಾಯಿ ಯಾವ ತಳಿ, ಕಡ್ಡಿಯೋ ಡಬ್ಬಿಯೋ, ಚೀಲ ಎಷ್ಟು, ತೂಕ ಎಷ್ಟು, ರೇಟು ಏನು. ಇಷ್ಟು ತುಂಬಿಸಿದರೆ ರೈತನ ಲೆಕ್ಕದ ಚೀಟಿ ರೆಡಿ.

ಕೊಡುವ ಮುಂಚೆ ಹತ್ತಾರು ಜನರಿಗೆ ತೋರಿಸಿದ್ದೆ. ‘ಚಲೋ ಐತಲ್ರೀ?’ ಅಂತ ಕೇಳಿದೆ. ಎಲ್ಲರೂ ‘ಭಾರಿ ಚಲೋ ಐತಿ’ ಅಂದರು. ಹಾಗೆ ಕೇಳಿದರೆ ಇಲ್ಲ ಅಂತ ಯಾರು ಅಂತಾರೆ, ಅಲ್ವಾ? ಎರಡೇ ವಾರಕ್ಕೆ ಅಂಗಡಿಯವರು ಆ್ಯಪ್ ಬಿಟ್ಟು ಮತ್ತೆ ಲೆಕ್ಕದ ಪುಸ್ತಕ ತೆಗೆದರು.

1960ರಲ್ಲಿ ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜನರಿಗೆ 2-4-6 ಅಂತ ಕೊಟ್ಟು, ಇದರ ನಿಯಮ ಏನು ಕಂಡುಹಿಡಿಯಿರಿ ಅಂದಿದ್ದ. ಬಹಳ ಜನ ಎರಡೆರಡು ಏರುತ್ತದೆ ಅಂದುಕೊಂಡು 8-10-12ರಂಥದ್ದನ್ನೇ ಹೇಳಿ ನೋಡಿದರು. ಪ್ರತಿ ಸಲ ಸರಿ ಅನ್ನೋ ಉತ್ತರ. ನಿಜವಾದ ನಿಯಮ ಬರೀ ‘ಏರುವ ಅಂಕಿ’. 5-9-70 ಅಂತ ಒಮ್ಮೆ ಕೇಳಿದ್ದರೆ ಗೊತ್ತಾಗುತ್ತಿತ್ತು. ಹೀಗೆ ನಾವು ಅಂದುಕೊಂಡಿದ್ದಕ್ಕೆ ಹೌದು ಅನ್ನೋ ಉತ್ತರವನ್ನಷ್ಟೇ ಹುಡುಕುವುದಕ್ಕೆ ಕನ್ಫರ್ಮೇಶನ್ ಬಯಾಸ್ ಅಂತಾರೆ. ಓದಿದ್ದೆ, ಸ್ನೇಹಿತರಿಗೆ ಹೇಳಿಯೂ ಇದ್ದೆ! ಆದರೂ ಆ್ಯಪ್ ತೋರಿಸುವಾಗ ನಾನೂ ಅದನ್ನೇ ಮಾಡಿದ್ದೆ.

ವ್ಯಾಪಾರಿಗಳು ಕಾಯಿಗೆ ರೇಟು ಹಾಕುವ ಟೆಂಡರ್ ದಿನ ಹೋಗಿ ಅಂಗಡಿಯಲ್ಲಿ ಸುಮ್ನೆ ಕೂತೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ ಅಂತಾರೆ. ನನಗೆ ಸೀನಿ ಸೀನಿ ಸಾಕಾಯಿತು. ಗುಮಾಸ್ತರ ಬೆರಳ ತುದಿಗೆಲ್ಲ ಕೆಂಪು ಧೂಳು. ಹಾಗಾಗಿ ಅವರು ಮೊಬೈಲನ್ನು ಕಿರುಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದರು. ನನ್ನ ಪುಟ್ಟ ಚೆಂದದ ಬಟನ್‌ಗಳು! ‘ಕಡ್ಡಿ’ ಒತ್ತಿದರೆ ‘ಡಬ್ಬಿ’ ಬೀಳುತ್ತಿತ್ತು. ಮೂಲೆಯ ಮೂರು ಗೆರೆಯ ಮೆನು ತೋರಿಸಿ, ‘ಇದೇನ್ರೀ ಸರ, ಗ್ಲಾಸ್ ಸೀಳೈತೇನು?’ ಅಂದರು.

ಬಟನ್ ದೊಡ್ಡದಾಯಿತು, ಮೂರು ಗೆರೆ ಹೋಗಿ ‘ಹಳೇ ಲೆಕ್ಕ’ ಅನ್ನೋ ಅಕ್ಷರ ಬಂತು. ಈಗ ನಾನು ಚಲೋ ಐತೇನು ಅಂತ ಕೇಳೋದಿಲ್ಲ. ‘ಎಲ್ಲಿ ತಪ್ಪು ಬಿತ್ತು, ತೋರಿಸ್ರಿ’ ಅಂತೀನಿ. ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ: ಐದು ಜನರಲ್ಲಿ ಇಬ್ಬರು ಎಡವಿದರೂ ಈ ಸ್ಕ್ರೀನ್ ತೆಗೆಯಬೇಕು. ಆಮೇಲೆ ನೆಪ ಹೇಳೋಕೆ ಆಗಬಾರದು.

ಆದರೂ ಮೂರು ವಾರ ಕೂತು ಮಾಡಿದ ರೇಟಿನ ಗ್ರಾಫ್ ಒಂದಿದೆ. ಅಂಗಡಿಯಲ್ಲಿ ಒಬ್ಬರೂ ತೆರೆದು ನೋಡಲಿಲ್ಲ. ಆ್ಯಪ್‌ನಿಂದ ತೆಗೆದೆ. ಲ್ಯಾಪ್‌ಟಾಪ್‌ನಿಂದ ಅಳಿಸೋಕೆ ಇನ್ನೂ ಕೈ ಬಂದಿಲ್ಲ.