ಇಂಗ್ಲಿಷ್ ಕಾಲುವೆ, 1940: ಬ್ರಿಟನ್ ಕಡೆ ನಿಂತು ನಾನು ಆಡುವ ರೀತಿ

ನಕ್ಷೆ ಹರಡಿ ಆಡುವ ವಾರ್‌ಗೇಮ್‌ಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ‘ಆಪರೇಷನ್ ಸೀ ಲಯನ್’. ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವಿನ ಕಿರಿದಾದ ಸಮುದ್ರ, ಅಂದರೆ ಇಂಗ್ಲಿಷ್ ಕಾಲುವೆ ದಾಟಿ ಇಂಗ್ಲೆಂಡಿಗೆ ಸೈನ್ಯ ಇಳಿಸಲು ಹಿಟ್ಲರ್ ಹಾಕಿದ್ದ ಯೋಜನೆ ಅದು. 1940ರ ಸೆಪ್ಟೆಂಬರ್ 17ರಂದು ಅವನು ಅದನ್ನು ಮುಂದೂಡಿದ, ದಾಳಿ ನಡೆಯಲೇ ಇಲ್ಲ. ನಾನು ಕೂರುವುದು ಬ್ರಿಟಿಷ್ ನೌಕಾಪಡೆಯ ಕಡೆ.

ಆಟ ಶುರುವಾದ ಕೂಡಲೇ ದೊಡ್ಡ ಯುದ್ಧನೌಕೆಗಳನ್ನು ಕಾಲುವೆಗೆ ನುಗ್ಗಿಸಬೇಕು ಅಂತ ಕೈ ತುರಿಸುತ್ತದೆ, ಅಲ್ವಾ? ನಾನು ಅವನ್ನು ಉತ್ತರದಲ್ಲೇ ಬಿಡುತ್ತೇನೆ. ಆಗ ಬ್ರಿಟನ್ ಸುತ್ತಲಿನ ಸಮುದ್ರ ಕಾಯುವ ನೌಕಾದಳ ‘ಹೋಮ್ ಫ್ಲೀಟ್’ ನೋಡಿಕೊಳ್ಳುತ್ತಿದ್ದ ಅಡ್ಮಿರಲ್ ಚಾರ್ಲ್ಸ್ ಫೋರ್ಬ್ಸ್ ಅವರಿಗೂ ದೊಡ್ಡ ಹಡಗುಗಳನ್ನು ದಕ್ಷಿಣಕ್ಕೆ ಕಳಿಸಲು ಮನಸ್ಸಿರಲಿಲ್ಲ, ಅದು ಸರಿಯಾದ ಲೆಕ್ಕ ಅಂತಲೇ ನನ್ನ ಅಭಿಪ್ರಾಯ. ಡೋವರ್ ಹತ್ತಿರ ಕಾಲುವೆಯ ಅಗಲ ಬರೀ 33 ಕಿ.ಮೀ. ಹಗಲಲ್ಲಿ ಅಲ್ಲಿ ನಿಂತ ದೊಡ್ಡ ಹಡಗು ಜರ್ಮನ್ ವಿಮಾನಗಳಿಗೆ ಸುಲಭದ ಗುರಿ.

ನನ್ನ ನಿಜವಾದ ಬಲ ಹಾರ್ವಿಚ್, ಶೀರ್‌ನೆಸ್, ಪೋರ್ಟ್ಸ್‌ಮತ್, ಪ್ಲಿಮತ್‌ ಬಂದರುಗಳಲ್ಲಿದ್ದ, ವೇಗವಾಗಿ ಓಡುವ ಸಣ್ಣ ಯುದ್ಧನೌಕೆಗಳಾದ ಡೆಸ್ಟ್ರಾಯರ್‌ಗಳು. ಜರ್ಮನರು ಸೈನಿಕರನ್ನು ಸಾಗಿಸಲು ಒಟ್ಟು ಮಾಡಿದ್ದು ಹೆಚ್ಚಾಗಿ ನದಿಯಲ್ಲಿ ಸರಕು ಹೊರುವ ಬಾರ್ಜ್‌ಗಳನ್ನು, ಒಂದು ಟಗ್ (ಎಳೆಯುವ ಹಡಗು) ಎರಡೆರಡು ಬಾರ್ಜ್ ಎಳೆದುಕೊಂಡು ರಾತ್ರಿಯೆಲ್ಲಾ ತೆವಳಿ ಬೆಳಗಾಗುವಾಗ ದಡ ಮುಟ್ಟಬೇಕು ಅನ್ನುವುದು ಅವರ ಯೋಜನೆ. ಹಾಗಾಗಿ ನಾನು ಮೊದಲು ಹೊಡೆಯುವುದು ಟಗ್ಗಿಗೆ. ಅದು ನಿಂತರೆ ಹಿಂದಿನ ಬಾರ್ಜ್‌ಗಳು ಕಾಲುವೆಯ ಸೆಳೆತಕ್ಕೆ ಸಿಕ್ಕಿ ಸಾಲು ಚದುರುತ್ತದೆ. ಬೆಂಗಾವಲಿನ ಜರ್ಮನ್ ಹಡಗುಗಳು ಬೆನ್ನಟ್ಟಿ ಬಾ ಅಂತ ಎಷ್ಟೇ ಕೆಣಕಿದರೂ ನಾನು ಹೋಗುವುದಿಲ್ಲ. 1942ರ ಆಗಸ್ಟ್‌ನಲ್ಲಿ ಪೆಸಿಫಿಕ್ ಸಾಗರದ ಸಾವೊ ದ್ವೀಪದ ಬಳಿ ಜಪಾನಿನ ಅಡ್ಮಿರಲ್ ಮಿಕಾವಾ ಒಂದೇ ರಾತ್ರಿ ಅಮೆರಿಕನ್ನರ ಕಡೆಯ ನಾಲ್ಕು ಕ್ರೂಸರ್ (ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ) ಮುಳುಗಿಸಿದರೂ ಅವರ ಸರಕು ಹಡಗುಗಳನ್ನು ಮುಟ್ಟದೆ ವಾಪಸ್ ಹೋದ. ಪಕ್ಕದ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಇಳಿದಿದ್ದ ಅಮೆರಿಕನ್ನರು ಅಲ್ಲೇ ಉಳಿದರು.

ಸಮಯದ ವಿಷಯದಲ್ಲಿ ನನಗೆ ಗ್ರೀಸಿನ ಕ್ರೀಟ್ ದ್ವೀಪದ ಉದಾಹರಣೆ ಸಾಕು. 1941ರ ಮೇ 21ರ ರಾತ್ರಿ ಜರ್ಮನ್ ಸೈನಿಕರನ್ನು ತುಂಬಿಕೊಂಡು ಬರುತ್ತಿದ್ದ ಸಣ್ಣ ಹಡಗುಗಳ ಗುಂಪನ್ನು ಬ್ರಿಟಿಷರು ಚೆಲ್ಲಾಪಿಲ್ಲಿ ಮಾಡಿದರು. ಮಾರನೇ ದಿನ ಕ್ರೀಟ್ ಸುತ್ತಲಿನ ನೀರಿನಲ್ಲಿ ಜರ್ಮನ್ ವಿಮಾನಗಳು ಅವರ ಗ್ಲಾಸ್ಟರ್, ಫಿಜಿ ಎಂಬ ಎರಡು ಕ್ರೂಸರ್‌ಗಳನ್ನು ಮುಳುಗಿಸಿದವು. ಅದಕ್ಕೇ ಕತ್ತಲಾದ ಮೇಲೆ ಒಳಗೆ ಹೋಗಿ, ಬೆಳಕು ಹರಿಯುವ ಮುಂಚೆ ನನ್ನ ಡೆಸ್ಟ್ರಾಯರ್‌ಗಳು ಬಂದರು ಸೇರಿರಬೇಕು, ಎದುರಿಗೆ ಇನ್ನೂ ಹತ್ತು ಬಾರ್ಜ್ ಕಾಣುತ್ತಿದ್ದರೂ ಸರಿ.

ಮೊದಲ ಅಲೆಯಲ್ಲಿ ಒಂದಷ್ಟು ಜನ ಇಳಿದೇ ಇಳಿಯುತ್ತಾರೆ. ಅದಕ್ಕೆ ನಾನು ಗಾಬರಿಯಾಗುವುದಿಲ್ಲ. ಅವರಿಗೆ ಮದ್ದುಗುಂಡು ಬೇಕು, ಊಟ ಬೇಕು, ಜೊತೆಗೆ ತಂದ ಕುದುರೆಗಳಿಗೆ ಮೇವೂ ಬೇಕು. ಅದನ್ನೆಲ್ಲಾ ತರಬೇಕಾದ್ದು ಅದೇ ಬಾರ್ಜ್‌ಗಳು. ಹಾಗಾಗಿ ಎರಡನೇ ರಾತ್ರಿ ನನ್ನ ಡೆಸ್ಟ್ರಾಯರ್‌ಗಳು ಹುಡುಕುವುದು ಖಾಲಿಯಾಗಿ ಫ್ರಾನ್ಸ್ ಕಡೆ ತಿರುಗಿದ ಸಾಲುಗಳನ್ನು.