ಗೋಡೆ ಗಟ್ಟಿ ಇದೆಯಾ? ವರ್ಚುವಲ್ ಮಷೀನ್ ಮೆಮೊರಿಗೆ ಟೆಸ್ಟ್ ಬರೆಯುವ ಬಗೆ

ಒಂದೇ ಸರ್ವರ್ ಮೇಲೆ ಹತ್ತಾರು ವರ್ಚುವಲ್ ಮಷೀನ್‌ಗಳು (ವಿಎಂ, ಅಂದರೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್‌ಗಳು) ಓಡುತ್ತಿರುತ್ತವೆ, ವಠಾರದ ಮನೆಗಳ ಹಾಗೆ. ಒಬ್ಬರ ಮೆಮೊರಿ ಪಕ್ಕದ ಮನೆಯವರಿಗೆ ಕಾಣಬಾರದು. ಈಚಿನ ವ್ಯವಸ್ಥೆಗಳಲ್ಲಿ ವಠಾರದ ಮಾಲೀಕರಿಗೂ, ಅಂದರೆ ಹೋಸ್ಟ್‌ಗೂ ಕಾಣಬಾರದು. ಬೇರೆ ಟೆಸ್ಟ್‌ಗಳಲ್ಲಿ ಕೆಲಸ ಆಯಿತೇ ಅಂತ ನೋಡುತ್ತೇವೆ. ಇಲ್ಲಿ ಆಗಬಾರದ್ದು ಆಗಲಿಲ್ಲ ಅಂತ ತೋರಿಸಬೇಕು. ಆಗದೇ ಇರುವುದಕ್ಕೆ ನೂರೆಂಟು ಕಾರಣ ಇರಬಹುದು, ತೊಂದರೆ ಇರುವುದೇ ಅಲ್ಲಿ.

ಉದಾಹರಣೆಗೆ ವಿಎಂಗಳನ್ನು ಓಡಿಸುವ ಲಿನಕ್ಸ್‌ನ ಕೆವಿಎಂ ತೆಗೆದುಕೊಳ್ಳೋಣ. 2007ರಿಂದ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ. 2024ರಲ್ಲಿ ಬಂದ 6.8ನೇ ಆವೃತ್ತಿಯಲ್ಲಿ ಗೆಸ್ಟ್ ಮೆಮ್‌ಎಫ್‌ಡಿ ಎಂಬ ಸೌಲಭ್ಯ ಸೇರಿತು. ಗೆಸ್ಟ್‌ನ, ಅಂದರೆ ಹೋಸ್ಟ್ ಮೇಲೆ ಓಡುವ ವಿಎಂನ, ಖಾಸಗಿ ಮೆಮೊರಿಯನ್ನು ಇದರಲ್ಲಿ ಬೇರೆ ಇಡಬಹುದು.

1. ಮೊದಲು ಒಂದು ವಾಕ್ಯ

ಕೋಡ್ ಮುಟ್ಟುವ ಮೊದಲು ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ. ‘ಐಸೊಲೇಶನ್ ಸರಿಯಾಗಿದೆ’ ಅಂತ ಬರೆದರೆ ಅದು ಟೆಸ್ಟ್ ಅಲ್ಲ, ಹರಕೆ. ‘ಪೇಜ್ ಖಾಸಗಿಯಾದ ಮೇಲೆ ಗೆಸ್ಟ್ ಬರೆದದ್ದು ಹೋಸ್ಟ್‌ಗೆ ಕಾಣುವುದಿಲ್ಲ’ ಅಂತ ಬರೆಯಿರಿ (ಪೇಜ್ ಅಂದರೆ ಮೆಮೊರಿಯ ಒಂದು ತುಂಡು). ಯಾರಿಗೆ, ಯಾವಾಗ, ಏನು ಕಾಣಬಾರದು ಎಂಬ ಮೂರೂ ಅದರಲ್ಲಿ ಇರಬೇಕು.

2. ಮಷೀನ್ ಸಿದ್ಧತೆ

ದುಬಾರಿ ಸರ್ವರ್ ಬೇಡ. ಎಎಂಡಿಯ ಎಸ್‌ಇವಿ-ಎಸ್‌ಎನ್‌ಪಿ, ಇಂಟೆಲ್‌ನ ಟಿಡಿಎಕ್ಸ್ ಎಂಬ ಪ್ರೊಸೆಸರ್ ರಕ್ಷಣೆಗಳು ಇಲ್ಲದ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಶುರು ಮಾಡಬಹುದು. ಇಂಥ ಟೆಸ್ಟ್‌ಗಳಿಗೆಂದೇ ಕೆವಿಎಂನಲ್ಲಿ ‘ಸಾಫ್ಟ್‌ವೇರ್ ಪ್ರೊಟೆಕ್ಟೆಡ್’ ಎಂಬ ವಿಎಂ ಬಗೆ ಇದೆ. ಕರ್ನಲ್ ಬಿಲ್ಡ್ ಮಾಡುವಾಗ ಅದನ್ನು ಆನ್ ಮಾಡಿಕೊಳ್ಳಿ. ಅದು ನಿಜವಾದ ರಕ್ಷಣೆ ಕೊಡುವುದಿಲ್ಲ, ಅಭ್ಯಾಸಕ್ಕೆ ಮಾತ್ರ. ಮತ್ತೆ, ಇದನ್ನೆಲ್ಲ ಇನ್ನೊಂದು ವಿಎಂ ಒಳಗೇ ಓಡಿಸಿ. ಕರ್ನಲ್ ಬಿದ್ದರೆ ಅದೊಂದೇ ಬೀಳುತ್ತದೆ, ನಿಮ್ಮ ಲ್ಯಾಪ್‌ಟಾಪ್ ಅಲ್ಲ.

3. ಮೊದಲ ಟೆಸ್ಟ್

ನಾನು ಮೊದಲ ಸಲ ಬರೆದಾಗ ಗೆಸ್ಟ್ ಒಂದು ಗುಟ್ಟು ಬರೆಯಿತು, ಹೋಸ್ಟ್ ಓದಿದರೆ ಸೊನ್ನೆ ಬಂತು. ಖುಷಿಯೋ ಖುಷಿ. ಎರಡು ದಿನ ಆದಮೇಲೆ ನೋಡಿದರೆ ಹೋಸ್ಟ್ ಓದುತ್ತಿದ್ದದ್ದು ಪಕ್ಕದ ಪೇಜ್! ಅಲ್ಲಿ ಯಾರೂ ಏನೂ ಬರೆದಿರಲಿಲ್ಲ. ಬಾಗಿಲು ಬೀಗ ಹಾಕಿದೆಯೇ ಅಂತ ನೋಡಲು ಹೋಗಿ ಗೋಡೆ ತಳ್ಳಿ ಬಂದ ಹಾಗಾಯಿತು.

ಅದಕ್ಕೇ ಈಗ ಹೀಗೆ ಮಾಡುತ್ತೇನೆ. ಪೇಜ್ ಇನ್ನೂ ಹಂಚಿಕೆಯಲ್ಲಿರುವಾಗಲೇ, ಅಂದರೆ ಹೋಸ್ಟ್‌ಗೂ ಕಾಣುವಾಗಲೇ, ಗೆಸ್ಟ್ ಅದರ ತುಂಬ ಎಎ ಎಂಬ ಬೈಟ್ ಬರೆಯಲಿ. ಹೋಸ್ಟ್ ಓದಲಿ, ಎಎ ಸಿಗಲೇಬೇಕು. ಸಿಕ್ಕಿತಾ? ಹಾಗಾದರೆ ಇಬ್ಬರೂ ಒಂದೇ ಜಾಗ ನೋಡುತ್ತಿದ್ದಾರೆ. ಈಗ ಹೋಸ್ಟ್ ಆ ಪೇಜನ್ನು ಖಾಸಗಿ ಮಾಡಲಿ. ಗೆಸ್ಟ್ ಬಿಬಿ ಬರೆದು, ತಾನೇ ಮತ್ತೆ ಓದಿ, ಬಿಬಿ ಇದೆ ಅಂತ ಖಾತ್ರಿ ಮಾಡಿಕೊಳ್ಳಲಿ. ಖಾಸಗಿ ಮೆಮೊರಿ ಬೇರೆಯೇ ಜಾಗದಲ್ಲಿರುವುದರಿಂದ ಹೋಸ್ಟ್ ಈಗ ಓದಿದರೆ ಹಳೆಯ ಎಎ ಕಾಣಬೇಕು. ಬಿಬಿ ಕಂಡರೆ ಗೋಡೆ ಸೋರುತ್ತಿದೆ.

ಇನ್ನೂ ಮುಗಿದಿಲ್ಲ. ಖಾಸಗಿ ಪೇಜನ್ನು ಹೋಸ್ಟ್ ಕಿತ್ತುಹಾಕಲಿ. ಇದಕ್ಕೆ ‘ಪಂಚ್ ಹೋಲ್’ ಅನ್ನುತ್ತಾರೆ. ಗೆಸ್ಟ್ ಮತ್ತೆ ಓದಿದಾಗ ಸೊನ್ನೆ ಬರಬೇಕು. ಬಿಬಿ ಉಳಿದಿದ್ದರೆ ಮನೆ ಗುಡಿಸದೆ ಹೊಸ ಬಾಡಿಗೆದಾರರಿಗೆ ಬೀಗದ ಕೈ ಕೊಟ್ಟಂತೆ. ಕೊನೆಗೆ ಪೇಜನ್ನು ಹಂಚಿಕೆಗೆ ಮರಳಿಸಿ, ಗೆಸ್ಟ್‌ಗೆ ಎಎ ಮತ್ತೆ ಕಾಣುತ್ತದೆಯೇ ನೋಡಿ.

ಸೊನ್ನೆಯನ್ನು ಮಾತ್ರ ಗುಟ್ಟಾಗಿ ಬಳಸಬೇಡಿ. ಹೊಸ ಪೇಜ್ ಹೇಗೂ ಸೊನ್ನೆಯಿಂದಲೇ ಶುರುವಾಗುತ್ತದೆ.

4. ಅಂಚುಗಳು

ಬಗ್‌ಗಳು ಜಾಸ್ತಿ ಸಿಗುವುದು ಅಂಚಿನಲ್ಲಿ. 2 ಎಂಬಿ ದೊಡ್ಡ ಪೇಜ್‌ನಲ್ಲಿ 4 ಕೆಬಿಯ 512 ಸಣ್ಣ ಪೇಜ್‌ಗಳು ಹಿಡಿಯುತ್ತವೆ. ನಡುವಿನ ಒಂದನ್ನು ಖಾಸಗಿ ಮಾಡಿ, ಉಳಿದ 511 ಅಲ್ಲಾಡಿಲ್ಲ ಅಂತ ನೋಡಿ.

ಎರಡು ವಿಎಂ ಮಾಡಿ, ಒಂದರ ಗೆಸ್ಟ್ ಮೆಮ್‌ಎಫ್‌ಡಿಯನ್ನು ಇನ್ನೊಂದಕ್ಕೆ ಜೋಡಿಸಲು ಹೋಗಿ. ಕರ್ನಲ್ ಒಪ್ಪಬಾರದು. ಪೇಜ್‌ಗೆ ಖಾಸಗಿ ಅಂತ ಗುರುತು ಹಾಕಿ, ಅದಕ್ಕೆ ಖಾಸಗಿ ಮೆಮೊರಿಯನ್ನೇ ಕೊಡದೆ ಗೆಸ್ಟ್‌ನಿಂದ ಮುಟ್ಟಿಸಿ. ಗೆಸ್ಟ್ ನಿಂತು, ‘ಮೆಮೊರಿ ಫಾಲ್ಟ್’ ಎಂಬ ಕಾರಣದೊಂದಿಗೆ ಹೋಸ್ಟ್‌ಗೆ ಮರಳಬೇಕು. ಏನೋ ಎರರ್ ಬಂತು ಅಂತ ಸುಮ್ನೆ ಪಾಸ್ ಮಾಡಬೇಡಿ. ಕಾರಣ, ವಿಳಾಸ, ಖಾಸಗಿ ಎಂಬ ಗುರುತು ಮೂರನ್ನೂ ತಾಳೆ ನೋಡಿ.

2018ರಲ್ಲಿ ಬಯಲಾದ ಎಲ್1ಟಿಎಫ್ ಥರದ ಪ್ರೊಸೆಸರ್ ಲೋಪಗಳು ಈ ಟೆಸ್ಟ್‌ಗಳ ಬಲೆಗೆ ಬೀಳುವುದಿಲ್ಲ. ಅದು ಬೇರೆಯೇ ಕಥೆ.

5. ಜೋಡಿಸಿಡುವುದು

ಒಂದು ವಾಕ್ಯಕ್ಕೆ ಒಂದು ಟೆಸ್ಟ್. ಪ್ರತಿ ಟೆಸ್ಟ್ ತನ್ನದೇ ವಿಎಂ ಹುಟ್ಟಿಸಿ, ತಾನೇ ಮುಗಿಸಲಿ. ಹಿಂದಿನವರ ಎಂಜಲು ಮುಂದಿನವರಿಗೆ ಬೇಡ. ಹೆಸರಲ್ಲೇ ವಿಷಯ ಇರಲಿ, ‘ಟೆಸ್ಟ್7’ ಅಂತ ಇಟ್ಟರೆ ಆರು ತಿಂಗಳ ಮೇಲೆ ನಿಮಗೇ ಗೊತ್ತಾಗುವುದಿಲ್ಲ, ಅಲ್ವಾ?

ಸ್ಕಿಪ್ ಬಗ್ಗೆ ಎಚ್ಚರ. ಕರ್ನಲ್‌ನ ಸೆಲ್ಫ್‌ಟೆಸ್ಟ್ ಪದ್ಧತಿಯಲ್ಲಿ 0 ಅಂದರೆ ಪಾಸ್, 1 ಅಂದರೆ ಫೇಲ್, 4 ಅಂದರೆ ಸ್ಕಿಪ್. ಮಷೀನ್‌ನಲ್ಲಿ ಸೌಲಭ್ಯವೇ ಇಲ್ಲದಿದ್ದರೆ ಟೆಸ್ಟ್ 4 ಕೊಟ್ಟು ಹೊರಬರುತ್ತದೆ. ನಾನಿದ್ದ ಒಂದು ತಂಡದಲ್ಲಿ ಡ್ಯಾಶ್‌ಬೋರ್ಡ್ ಈ 4ಕ್ಕೂ ಹಸಿರು ಬಣ್ಣ ಬಳಿಯುತ್ತಿತ್ತು. ವಾರಗಟ್ಟಲೆ ಎಲ್ಲ ಹಸಿರು, ಆದರೆ ಓಡಿದ್ದು ಒಂದೂ ಇಲ್ಲ. ಎಷ್ಟು ಪಾಸ್ ಎನ್ನುವುದರ ಪಕ್ಕದಲ್ಲೇ ಎಷ್ಟು ಸ್ಕಿಪ್ ಎನ್ನುವುದೂ ದಪ್ಪಕ್ಷರದಲ್ಲಿ ಕಾಣಲಿ.

6. ಬೇಕಂತಲೇ ಮುರಿಯಿರಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕರ್ನಲ್‌ನಲ್ಲಿ ‘ಈ ಮೆಮೊರಿ ಇದೇ ವಿಎಂದೇ?’ ಎಂದು ಕೇಳುವ ಸಾಲನ್ನು ತೆಗೆದು, ಬಿಲ್ಡ್ ಮಾಡಿ, ಟೆಸ್ಟ್ ಓಡಿಸಿ. ಎರಡು ವಿಎಂಗಳ ಟೆಸ್ಟ್ ಕೆಂಪಾಗಬೇಕು. ಆಗಲಿಲ್ಲವೇ? ಟೆಸ್ಟನ್ನೇ ತಿರುಗಿ ಬರೆಯಿರಿ. ಹೀಗೆ ಒಂದೊಂದು ವಾಕ್ಯಕ್ಕೂ ಒಂದೊಂದು ಮುರಿದ ಪ್ಯಾಚ್ ಇಟ್ಟುಕೊಳ್ಳಿ, ಆದರೆ ಬೇರೆ ಬ್ರಾಂಚ್‌ನಲ್ಲಿ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಕಮಿಟ್ ಮಾಡುವಾಗ ಯಾವುದು ಮುರಿದದ್ದು, ಯಾವುದು ನೆಟ್ಟಗಿದ್ದದ್ದು ಅಂತ ಯಾರಿಗೂ ನೆನಪಿರುವುದಿಲ್ಲ.