ಮೇಲ್ಮನವಿಯಲ್ಲಿ ನೊಂದವಳ ಸಾಕ್ಷ್ಯವನ್ನು ತೂಗುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸೆಷನ್ಸ್ ನ್ಯಾಯಾಲಯಗಳು ಅತ್ಯಾಚಾರ ಪ್ರಕರಣಗಳಲ್ಲಿ ನೀಡುವ ತೀರ್ಪಿನ ವಿರುದ್ಧದ ಮೇಲ್ಮನವಿ ಬರುವುದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಪೀಠವಿದು. "ಅಲ್ಲಿ ಮತ್ತ ಬಂದು ಎಲ್ಲಾ ಹೇಳಬೇಕೇನ್ರೀ?" ಎಂಬ ಭಯ ನೊಂದ ಮನೆಗಳಲ್ಲಿ ಸಹಜ. ಸಾಮಾನ್ಯವಾಗಿ ಹಾಗೆ ಹೇಳಬೇಕಾಗಿಲ್ಲ; ಕೆಳಗಿನ ನ್ಯಾಯಾಲಯದಲ್ಲಿ ಬರೆದುಕೊಂಡ ಅವಳ ಹೇಳಿಕೆಯನ್ನೇ ನ್ಯಾಯಮೂರ್ತಿಗಳು ಓದುತ್ತಾರೆ. ಅವಳ ಮುಖ, ತಡವರಿಕೆ, ಕಣ್ಣೀರು ಕಾಗದದಲ್ಲಿ ಇರುವುದಿಲ್ಲವಾದ್ದರಿಂದ, ಅವನ್ನು ಕಣ್ಣಾರೆ ಕಂಡ ವಿಚಾರಣಾ ನ್ಯಾಯಾಧೀಶರ ಅಭಿಪ್ರಾಯಕ್ಕೆ ತೂಕವಿದೆ.

ಮೊದಲು ನೋಡುವುದು ಮೇಲ್ಮನವಿ ಯಾರದ್ದು ಎಂಬುದನ್ನು. ಶಿಕ್ಷೆಗೊಳಗಾದವನು ಬಂದರೆ ಸಾಕ್ಷ್ಯವೆಲ್ಲವೂ ಮರುಪರಿಶೀಲನೆಗೆ ಒಳಗಾಗುತ್ತದೆ. ಖುಲಾಸೆಯ ವಿರುದ್ಧ ಸರ್ಕಾರವೋ ನೊಂದವಳೋ ಬಂದಾಗಲೂ ಪೀಠಕ್ಕೆ ಆ ಅಧಿಕಾರ ಪೂರ್ಣವಾಗಿದೆ; ಆದರೆ ಅದೇ ಸಾಕ್ಷ್ಯದಿಂದ ತಪ್ಪಿತಸ್ಥ, ನಿರ್ದೋಷಿ ಎಂಬ ಎರಡು ನಿಲುವುಗಳೂ ಸಮಂಜಸವೆನಿಸಿದರೆ ಖುಲಾಸೆಯನ್ನು ಕದಲಿಸಬಾರದೆಂದು ಕರ್ನಾಟಕದ್ದೇ ಚಂದ್ರಪ್ಪ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆಮೇಲೆ ಅವಳ ಸಾಕ್ಷ್ಯವನ್ನು ಇಡಿಯಾಗಿ ಓದಬೇಕು. ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಕಾನೂನು ಹೇಳುವುದಿಲ್ಲ. ಅವಳು ಅಪರಾಧದ ಪಾಲುದಾರಳಲ್ಲ, ಗಾಯಗೊಂಡ ಸಾಕ್ಷಿಯಂತೆ ಎಂದು ಸುಪ್ರೀಂ ಕೋರ್ಟಿನ 1990ರ ಚಂದ್ರಪ್ರಕಾಶ್ ಜೈನ್ ತೀರ್ಪು ಸ್ಪಷ್ಟಪಡಿಸಿತು. ವಿಶ್ವಾಸ ಹುಟ್ಟಿಸುವಂತಿದ್ದರೆ ಅವಳೊಬ್ಬಳ ಮಾತಿನ ಮೇಲೆಯೇ ಶಿಕ್ಷೆ ವಿಧಿಸಬಹುದು ಎಂದಿತು 1996ರ ಗುರ್ಮಿತ್ ಸಿಂಗ್ ತೀರ್ಪು.

ನಿಜವಾದ ಕಷ್ಟ ಇರುವುದು ಹೇಳಿಕೆಗಳನ್ನು ಹೋಲಿಸುವಲ್ಲಿ. ಫಿರ್ಯಾದು, ಪೊಲೀಸರ ಮುಂದಿನ ಹೇಳಿಕೆ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ಪಾಟೀ ಸವಾಲು ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಂಡೇ ಕಾಣುತ್ತದೆ. ತೊಗರಿ ಹೊಲದಿಂದ ಮರಳುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಠಾಣೆಯಲ್ಲಿ ಅವಳು "ಹೊತ್ತು ಮುಣುಗೋ ಮುಂದ" ಎನ್ನುತ್ತಾಳೆ, ಬರೆಯುವವರು "ಸಂಜೆ 6 ಗಂಟೆಗೆ" ಎಂದು ಬರೆದುಕೊಳ್ಳುತ್ತಾರೆ. ಎರಡು ವರ್ಷಗಳ ನಂತರ ಕಟಕಟೆಯಲ್ಲಿ ಅವಳು "ಕತ್ತಲಾಗಿತ್ರಿ" ಎಂದಾಗ, 6 ಗಂಟೆಗೆ ಬೆಳಕಿತ್ತಲ್ಲ ಎಂದು ಎದುರು ವಕೀಲರು ಹಿಡಿಯುತ್ತಾರೆ. ಈ ವೈರುಧ್ಯ ಅವಳದ್ದೇ, ಬರೆದವರ ಲೇಖನಿಯದ್ದೇ? ಮನುಷ್ಯರ ನೆನಪು ಛಾಯಾಚಿತ್ರವಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟ್ 1983ರಷ್ಟು ಹಿಂದೆಯೇ ಭರವಾಡ ಪ್ರಕರಣದಲ್ಲಿ ಒಪ್ಪಿದೆ. ಗಂಟೆ, ದೂರ, ಸೀರೆಯ ಬಣ್ಣ ಹೆಚ್ಚುಕಡಿಮೆಯಾದರೆ ಸಾಕ್ಷ್ಯ ಬೀಳುವುದಿಲ್ಲ. ಆದರೆ ಆರೋಪಿ ಯಾರು, ನಡೆದದ್ದೇನು ಎಂಬ ತಿರುಳೇ ಹೇಳಿಕೆಯಿಂದ ಹೇಳಿಕೆಗೆ ಬದಲಾದರೆ ಪೀಠ ಅದನ್ನು ಹಗುರವಾಗಿ ಕಾಣುವುದಿಲ್ಲ, ಕಾಣಲೂಬಾರದು.

ಮೈಮೇಲೆ ಗಾಯವಿಲ್ಲವೆಂದರೆ ಒಪ್ಪಿಗೆ ಇತ್ತು ಎಂದಲ್ಲ. ದೈಹಿಕವಾಗಿ ಪ್ರತಿರೋಧಿಸದ ಮಾತ್ರಕ್ಕೆ ಸಮ್ಮತಿಸಿದಳೆಂದು ಭಾವಿಸಬಾರದೆಂದು ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನೇ ಹೇಳುತ್ತದೆ. ಸಮ್ಮತಿಯ ಪ್ರಶ್ನೆಯಲ್ಲಿ ಅವಳ ಹಿಂದಿನ ಲೈಂಗಿಕ ಜೀವನ ಅಪ್ರಸ್ತುತ. ಗುಪ್ತಾಂಗವನ್ನು ಬೆರಳಿನಿಂದ ಪರೀಕ್ಷಿಸಿ ಹಿಂದೆ ಲೈಂಗಿಕ ಸಂಪರ್ಕವಿತ್ತೇ ಎಂದು ಊಹಿಸುವ ಎರಡು ಬೆರಳ ಪರೀಕ್ಷೆಯನ್ನು 2013ರಲ್ಲಿ ಖಂಡಿಸಿದ ಸುಪ್ರೀಂ ಕೋರ್ಟ್, ಅದನ್ನು ನಡೆಸುವುದು ದುರ್ನಡತೆಯೆಂದು 2022ರಲ್ಲಿ ಸಾರಿತು. ದೂರು ತಡವಾಗಿದ್ದರೆ ಕಾರಣ ನಂಬುವಂತಿದೆಯೇ ಎಂದು ನೋಡುತ್ತಾರೆ. ಮನೆಯ ಮರ್ಯಾದೆಯ ಚಿಂತೆಯೂ ಒಂದು ಕಾರಣವೇ.

ಹಾಗೆಂದು ಅವಳ ಮಾತನ್ನು ಯಾಂತ್ರಿಕವಾಗಿ ಒಪ್ಪುವಂತಿಲ್ಲ. ಒಂಟಿ ಸಾಕ್ಷ್ಯದ ಮೇಲೆ ಶಿಕ್ಷೆ ನಿಲ್ಲಬೇಕಾದರೆ ಅದು ಆರಂಭದಿಂದ ಕೊನೆಯವರೆಗೆ ಅಪ್ಪಟವಾಗಿರಬೇಕು ಎಂಬ ಅಳತೆಗೋಲನ್ನು ರಾಯ್ ಸಂದೀಪ್ ಪ್ರಕರಣ 2012ರಲ್ಲಿ ಕೊಟ್ಟಿತು. ಅದನ್ನೇ ಬಳಸಿ 2020ರಲ್ಲಿ ಸಂತೋಷ್ ಪ್ರಸಾದ್ ಪ್ರಕರಣದ ಆರೋಪಿಯನ್ನು ಬಿಡುಗಡೆ ಮಾಡಲಾಯಿತು. ಅವಳ ಮಾತೊಂದನ್ನೇ ನೆಚ್ಚಲು ಮನಸ್ಸು ಹಿಂಜರಿದಾಗ ಪೀಠವು ಭರವಸೆ ಕೊಡುವ ಅಂಶಗಳನ್ನು ಹುಡುಕುತ್ತದೆ: ಅಂದೇ ರಾತ್ರಿ ತಾಯಿಗೆ ಹೇಳಿದ್ದಳೇ, ಹೊಲದ ಬದುವಿನಲ್ಲಿ ಒಡೆದ ಬಳೆಚೂರು ಪಂಚನಾಮೆಯಲ್ಲಿ ದಾಖಲಾಗಿದೆಯೇ?

ಅವಳ ಮನೆಯವರು ಮಾಡಬಹುದಾದ ಕೆಲಸವೂ ಒಂದಿದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಆ ವಕೀಲರೊಂದಿಗೆ ಕುಳಿತು, ಕನ್ನಡದಲ್ಲಿರುವ ಸಾಕ್ಷ್ಯದ ದೃಢೀಕೃತ ನಕಲನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಸಾಲುಸಾಲಾಗಿ ತಾಳೆ ನೋಡಿ. "ಹೊತ್ತು ಮುಣುಗೋ ಮುಂದ" ಎಂದದ್ದು ಎಲ್ಲಿ ಗಂಟೆಯಾಗಿ ಮಾರ್ಪಟ್ಟಿದೆ ಎಂಬುದನ್ನು ವಾದಕ್ಕೆ ಮುನ್ನವೇ ಗುರುತು ಹಾಕಿಡಿ.